ಜೋಕಿಮರ ಗೋಡೆಗೊಂದು ಫಿನ್ನಿಶ್ ಹೆಸರು

ಶಿರ್ವದ ತಿರುವಿನಲ್ಲಿ ಜೋಕಿಮರು ಕಟ್ಟಿಸಿದ ಹೊಸ ಮನೆಯ ಕಾಂಪೌಂಡು ಗೋಡೆ ಮದುಮಗಳ ಹಾಗೆ ಬೆಳ್ಳಗೆ ನಿಂತಿತ್ತು. ಆದರೆ ಕಾಪುವಿನ ಕಡೆಯಿಂದ ಬರುವ ಗಂಡಸರಿಗೆಲ್ಲ ಒಂದಕ್ಕೆ ಹೋಗುವ ಅವಸರ ನೆನಪಾಗುವುದು ಅದನ್ನು ಕಂಡಾಗಲೇ! ಕಂಡಕ್ಟರ್ ಯೋಗೀಶನಂತೂ ಬಸ್ಸನ್ನೇ ನಿಲ್ಲಿಸಿ ಇಳಿಯುತ್ತಿದ್ದ. ಜೋಕಿಮರು ಶಿಲುಬೆ, ಕೃಷ್ಣ, ಮಸೀದಿ ಮೂರೂ ಇರುವ ಟೈಲ್ಸ್ ಅಂಟಿಸಿ ನೋಡಿದರು. "ದೇವರನ್ನು ವಾಚ್‌ಮನ್ ಮಾಡುವುದಾ?" ಎಂದು ಫಾದರ್ ಗದರಿ ತೆಗೆಸಿದರು.

ಆಗ ಹೊಳೆದದ್ದು ಹೆಸರಿನ ಉಪಾಯ. ಘನವಾದ ಹೆಸರಿರುವ ಗೋಡೆಯ ಮುಂದೆ ಯಾರು ಧೈರ್ಯ ಮಾಡಿಯಾರು? ಕುವೈತಿನಲ್ಲಿ ಜೋಕಿಮರು ಡ್ರೈವರಾಗಿದ್ದಾಗ ಫಿನ್‌ಲ್ಯಾಂಡಿನ ಸಾಹೇಬರೊಬ್ಬರು ಮರುಭೂಮಿಯ ನಡುವೆ "ಪೊರೊನ್‌ಕುಸೆಮಾ!" ಎಂದು ಗಾಡಿ ನಿಲ್ಲಿಸಲು ಹೇಳಿ, ಇಳಿದು ಹೋಗಿ, ಮುಖ ಅರಳಿಸಿಕೊಂಡು ಬರುತ್ತಿದ್ದರು. ಶಾಂತಿಯ ಮಾತೇ ಇರಬೇಕು! ಗೋಡೆಗೆ ಕರಿಕಲ್ಲು ಕೂರಿಸಿ, ಬಂಗಾರದ ಬಣ್ಣದಲ್ಲಿ ಅದನ್ನೇ ಕೆತ್ತಿಸಿದರು.

"ಅರ್ಥ ಗೊತ್ತಿಲ್ಲದ್ದನ್ನು ಕಲ್ಲಿನಲ್ಲಿ ಬರೆಸುವುದುಂಟಾ?" ಎಂದಳು ಹೆಂಡತಿ ಆನ್ಸಿಲ್ಲಾ.

"ನಿನಗೆಂತ ಗೊತ್ತು?"

ಗೃಹಪ್ರವೇಶದ ದಿನ ಊರಿಡೀ ಸೇರಿತು. ಫಿನ್‌ಲ್ಯಾಂಡಿನಲ್ಲಿ ನರ್ಸಾಗಿದ್ದು ರಜೆಗೆ ಬಂದಿದ್ದ ನೆರೆಮನೆಯ ಬ್ರೆಂಡಾ ಕಲ್ಲನ್ನು ನೋಡಿದವಳೇ ನಕ್ಕು ನಕ್ಕು ಮೆಟ್ಟಿಲ ಮೇಲೆ ಕುಸಿದಳು.

"ಅಂಕಲ್, ಇದು ಜೋಡು ಪದ. ಪೊರೊ ಅಂದರೆ ಹಿಮದ ನಾಡಿನ ಜಿಂಕೆ. ಕುಸೆಮಾ ಅಂದರೆ ಅದು ಉಚ್ಚೆ ಹೊಯ್ದದ್ದು. ಅದಕ್ಕೆ ಓಡುತ್ತಾ ಹೊಯ್ಯಲಿಕ್ಕೆ ಆಗುವುದಿಲ್ಲವಂತೆ, ನಿಲ್ಲಲೇಬೇಕು. ಒಮ್ಮೆ ನಿಂತಲ್ಲಿಂದ ಮತ್ತೆ ನಿಲ್ಲುವವರೆಗಿನ ದೂರಕ್ಕೆ ಹಿಂದಿನವರು ಇಟ್ಟ ಹೆಸರು ಇದು. ನಮ್ಮ ಹರದಾರಿ ಇದ್ದ ಹಾಗೆ."

"ದಮ್ಮಯ್ಯ ಮಾರಾಯ್ತಿ, ಬಾಯಿ ಬಿಡಬೇಡ!" ಎನ್ನುತ್ತಾ ಜೋಕಿಮರು, ಆನ್ಸಿಲ್ಲಾ ಮುಡಿಯಲೆಂದು ತರಿಸಿದ್ದ ಮಲ್ಲಿಗೆಯನ್ನೆಲ್ಲ ತಂದು ಕಲ್ಲಿಗೆ ಹೊದೆಸಿದರು.

ಹೂ ಕಂಡದ್ದೇ ತಡ, "ಓ, ಉದ್ಘಾಟನೆ ಉಂಟು!" ಎಂದು ಜನ ಮುತ್ತಿತು. ಫಾದರ್ ಗಂಭೀರವಾಗಿ ಮಲ್ಲಿಗೆ ಸರಿಸಿದರು. "ಇದರ ಅರ್ಥ ಎಂತ, ಜೋಕಿಮ್?"

ಜೋಕಿಮರು ಬ್ರೆಂಡಾಳತ್ತ ತಿರುಗಿದರು. ಅವಳಿಗೆ ಪಾಪ ಅನಿಸಿತು.

"ಪ್ರಯಾಣಿಕರು ನಿಂತು ನೆಮ್ಮದಿ ಪಡೆಯುವ ಜಾಗ ಅಂತ, ಫಾದರ್."

ಫಾದರರ ಕಣ್ಣು ತುಂಬಿತು. ಕಲ್ಲಿಗೆ ಪವಿತ್ರ ಜಲ ಚಿಮುಕಿಸಿ, ಎಲ್ಲರಿಗೂ ಕೇಳುವಂತೆ, "ಎಂಥ ದೊಡ್ಡ ಮನಸ್ಸು! ಇನ್ನು ಈ ದಾರಿಯಲ್ಲಿ ಹೋಗುವ ಯಾರೂ ಇಲ್ಲಿ ಸಂಕೋಚಪಡಬೇಕಾಗಿಲ್ಲ!" ಎಂದರು. ಕೋಳಿ ಸಾರು ಸವಿಯುತ್ತಿದ್ದ ಯೋಗೀಶ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಸದ್ಯ ಮಾನ ಉಳಿಯಿತು ಎಂದು ಜೋಕಿಮರು ಸಂಜೆ ಕುರ್ಚಿಗೆ ಒರಗಿದ್ದರಷ್ಟೆ, ಹೊರಗೆ ಬಸ್ಸಿನ ಹಾರ್ನು ಕೇಳಿಸಿತು.

"ಪೊರೊನ್‌ಕುಸೆಮಾ! ಪೊರೊನ್‌ಕುಸೆಮಾ! ಅವಸರ ಇರುವವರು ಇಳಿಯಿರಿ!"

ಓಡಿ ಹೋಗಿ ನೋಡಿದರೆ ಅರ್ಧ ಬಸ್ಸು ಗೋಡೆಗೆ ಮುಖ ಮಾಡಿ ಸಾಲಾಗಿ ನಿಂತಿತ್ತು.

"ಏ ಯೋಗೀಶಾ, ಎಂತ ಇದು?"

"ಫಾದರೇ ಹೇಳಿದರಲ್ಲ, ಜೋಕಿಮ್ ಪೊರ್ಬುಗಳೇ!" ಯೋಗೀಶ ಅಭಿಮಾನದಿಂದ ಕೈ ಮುಗಿದ. "ನಿಮ್ಮಂಥವರು ಸಿಗುವುದಿಲ್ಲ ಮಾರಾಯ್ರೆ. ಮೊದಲು ಕಳ್ಳರ ಹಾಗೆ ಬರಬೇಕಿತ್ತು. ಈಗ ನೋಡಿ, ಬೋರ್ಡೂ ಉಂಟು!"