ನನ್ನ ಕಣ್ಣರಳಿಸಿದ ಥೈರಾಯ್ಡ್ ಗ್ರಂಥಿಯವರಿಗೆ

ಮಾನ್ಯರೇ,

ಹುಟ್ಟಿದಂದಿನಿಂದ ನನ್ನ ಕೊರಳಲ್ಲಿ ಬಾಡಿಗೆಯಿಲ್ಲದೆ ವಾಸವಾಗಿರುವ ತಮಗೆ ಬಾಲಿ ದ್ವೀಪದ ನರ್ತಕಿ ನ್ಯೋಮನ್ ವಿರಾತಿಯ ಸವಿನಯ ವಂದನೆಗಳು. ತಾವು ಕ್ಷೇಮವೆಂದು ಬಲ್ಲೆ. ಅತಿಯಾಗಿ ಚುರುಕಾಗಿರುವುದೇ ನನ್ನ ದೂರು.

ನಮ್ಮ ಕುಣಿತದಲ್ಲಿ ಅರ್ಧ ಕೆಲಸ ಕಣ್ಣಿನದು. ಗುಡ್ಡೆ ಹೊರಬರುವಂತೆ ದಿಟ್ಟಿಸಲು ಉಳಿದವರು ವರ್ಷಗಟ್ಟಲೆ ಬೆವರು ಸುರಿಸುವಾಗ, ತಮ್ಮ ಕೃಪೆಯಿಂದ ನನಗದು ಒಂದೇ ಮಳೆಗಾಲದಲ್ಲಿ ಸಿದ್ಧಿಸಿತು. ಗುರುಗಳಾದ ಸುಕರ್ತಿಯಮ್ಮನವರು ಅಭ್ಯಾಸ ನಿಲ್ಲಿಸಿ, "ನೋಡ್ರೇ, ಕಣ್ಣು ಅಂದ್ರೆ ಇದು. ನೀವೂ ಇದ್ದೀರಿ, ತೂಕಡಿಸೋ ಕೋಳಿಗಳು" ಎಂದಾಗ ನಾನು ಉಬ್ಬಿಹೋದೆ. ಮಲಗಿದಾಗಲೂ ರೆಪ್ಪೆ ಪೂರ್ತಿ ಮುಚ್ಚದಿದ್ದುದನ್ನು ಸಾಧನೆಯೆಂದೇ ತಿಳಿದೆ.

ಆಮೇಲೆ ಗುಡಿಯ ಬಾಗಿಲಲ್ಲಿ ನಿಂತ ಕಲ್ಲಿನ ಕಾವಲುಗಾರನಿಗೆ ಉಡಿಸಿದ ಕಪ್ಪು ಬಿಳುಪು ಚೌಕಳಿ ಬಟ್ಟೆಯ ಗೆರೆಗಳು ಡೊಂಕುಡೊಂಕಾಗಿ ಕಂಡವು. ಅದನ್ನು ನೇಯ್ದ ನೆರೆಮನೆಯ ರೆನಿಯನ್ನು ನಾಲ್ಕು ಜನರೆದುರು ತರಾಟೆಗೆ ತೆಗೆದುಕೊಂಡೆ. "ಬಟ್ಟೆ ನೆಟ್ಟಗೇ ಇದೆ ಅಕ್ಕಾ, ನೀನು ಮೊದ್ಲು ಕಣ್ಣು ತೋರಿಸ್ಕೋ ಹೋಗು" ಎಂದಳು ಆ ಪುಣ್ಯಾತ್ಗಿತ್ತಿ.

ತೋರಿಸಿಕೊಂಡೆ. ತಮ್ಮ ಮೇಲೆ ದಂಡೆತ್ತಿ ಬಂದ ನನ್ನದೇ ದೇಹದ ರೋಗ ತಡೆಯುವ ಕಾವಲು ಪಡೆ ಕಣ್ಣಿನ ಹಿಂದಿನ ಸ್ನಾಯುಗಳ ಮೇಲೂ ಬಿದ್ದಿದೆಯಂತೆ; ಅವು ಊದಿಕೊಂಡು ಗುಡ್ಡೆಯನ್ನು ಹಿಂದಿನಿಂದ ಒತ್ತುತ್ತಿರುವುದರಿಂದ, ಒಳಗಿನ ರೆಟಿನಾ ಎಂಬ ತೆಳುಪರದೆ ಗಂಟುಕಟ್ಟಿಟ್ಟ ಬಟ್ಟೆಯಂತೆ ಸುಕ್ಕಾಗಿದೆಯಂತೆ. ತಡಮಾಡಿದರೆ ಕಣ್ಣಿನ ನರವೂ ಹಿಸುಕಿಹೋಗಿ ದೃಷ್ಟಿಯೇ ಹೋಗಬಹುದೆಂದರು ಡಾಕ್ಟರಮ್ಮ. "ಈ ಸಲದ ಕುಣಿತದ ಸ್ಪರ್ಧೆ ಒಂದು ಮುಗೀಲಿ ಕಣೇ, ಆಮೇಲೆ ಕಣ್ಣು ಒಳಗೆ ಹಾಕಿಸ್ಕೊಂಡ್ರಾಯ್ತು" ಎಂದರು ಸುಕರ್ತಿಯಮ್ಮ. ನನಗೆ ಹೆದರಿಕೆಯಾಯಿತು. ಮಗಳು ಕೊಮಾಂಗ್ ಈಗಷ್ಟೇ ಕುಣಿಯಲು ಕಲಿಯುತ್ತಿದ್ದಾಳೆ. ನನಗೆ ಬಹುಮಾನಕ್ಕಿಂತ ಅವಳನ್ನು ನೋಡುವುದು ಮುಖ್ಯ. ಸೋಮವಾರ ಆಸ್ಪತ್ರೆಗೆ ಸೇರುತ್ತಿದ್ದೇನೆ, ಸ್ಪರ್ಧೆಗೆ ನಾನಿಲ್ಲ.

ಆದ್ದರಿಂದ ತಾವು ದಯಪಾಲಿಸಿದ ದಿವ್ಯನೋಟವನ್ನು ಹಿಂಪಡೆದು, ನನ್ನ ಹಳೆಯ ತೂಕಡಿಕೆಯ ಕಣ್ಣುಗಳನ್ನೇ ಮರಳಿಸಬೇಕೆಂದೂ, ರೆಟಿನಾವನ್ನು ಸಾಧ್ಯವಾದರೆ ಇಸ್ತ್ರಿ ಮಾಡಿಸಿ ಕೊಡಬೇಕೆಂದೂ, ರೆನಿಯ ಬಳಿ ನನ್ನ ಪರವಾಗಿ ತಾವೇ ಕ್ಷಮೆ ಕೇಳಬೇಕೆಂದೂ ಪ್ರಾರ್ಥಿಸುತ್ತೇನೆ.

ರೆಪ್ಪೆ ಮುಚ್ಚಲಾಗದೆ ತಮ್ಮನ್ನೇ ನೆನೆಯುತ್ತಿರುವ,
ತಮ್ಮ ವಿಶ್ವಾಸಿ,
ನ್ಯೋಮನ್ ವಿರಾತಿ

ಮರೆತ ಮಾತು: ನಿನ್ನೆ ಸುಕರ್ತಿಯಮ್ಮ ಕೊಮಾಂಗ್‌ಳನ್ನು ನೋಡಿ, "ಅಮ್ಮನ ಕಣ್ಣೇ ಬಂದಿದೆ" ಎಂದರು. ಕುಣಿತದ ಉಡುಗೆಯಲ್ಲೇ ಮಗುವನ್ನು ರಕ್ತಪರೀಕ್ಷೆಗೆ ಎಳೆದೊಯ್ದೆ. ಅವಳ ಕೊರಳಲ್ಲಿರುವ ತಮ್ಮ ಸಂಬಂಧಿಕರು ಸದ್ಯ ಸಭ್ಯರೆಂದು ವರದಿ ಬಂದಿದೆ. ಅವರಿಗೆ ನಿನ್ನ ಬುದ್ಧಿ ಕಲಿಸಿದೆಯೋ, ಈ ಮಾನ್ಯರೇ ಗೀನ್ಯರೇ ಎಲ್ಲ ಬಿಟ್ಟು ನಿನ್ನನ್ನು ಬುಡಸಮೇತ ಕೀಳಿಸಿಬಿಡುತ್ತೇನೆ.