ನವಣೆ ಮಾಲ್ಟ್ ಮತ್ತು ಅತ್ತೆಯ ದನಿ

ಮನುಷ್ಯ ಅಂದಮೇಲೆ ಒಂದಾದರೂ ಕೆಟ್ಟ ಚಾಳಿ ಇರುತ್ತದೆ. ಕೆಲವರು ಸಂತೆಯಲ್ಲಿ ಕಂಡ ಕಡಲೆಯನ್ನೆಲ್ಲ ಬಾಯಿಗೆ ಹಾಕಿಕೊಂಡು, ಏನೂ ಕೊಳ್ಳದೆ ಮುಂದೆ ಹೋಗುತ್ತಾರೆ. ನಾನು ಕಂಡವರ ದನಿ ಎತ್ತಿಕೊಂಡು ಹೋಗುತ್ತೇನೆ. ಕೊಟ್ಟೂರಿನಲ್ಲಿ ನಾನು ಬಿಟ್ಟವರಿಲ್ಲ. ಹಡಗಲಿ ಬಸ್ಸಿನ ಕಂಡಕ್ಟರು, ಮೂಗಿನಲ್ಲೇ ಪಾಠ ಹೇಳುತ್ತಿದ್ದ ಹೆಡ್‌ಮಾಸ್ತರು, ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಅಪ್ಪನೆದುರು ನಿಂತ ನಾನು, ಎಲ್ಲರೂ ನನ್ನ ಗಂಟಲಲ್ಲಿದ್ದಾರೆ.

ಗುರಮ್ಮತ್ತೆಯಂತೂ ಮೊದಲಿನಿಂದಲೇ ಇದ್ದಳು. ಆಕೆ ಅಪ್ಪನ ಅಕ್ಕ, ನನ್ನನ್ನು ಸಾಕಿದವಳು. ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ದಿನಾ ಬೆಳಿಗ್ಗೆ ಒಂದು ಗುಳಿಗೆ, ಅದರ ಹಿಂದೆ ನಾಲ್ಕು ಬೈಗುಳ.

ನವಣೆ ಮಾಲ್ಟ್ ಮಾಡುತ್ತಿದ್ದ ಕೊಟ್ರೇಶಣ್ಣ ಆಟೋಗೆ ಮೈಕು ಕಟ್ಟಿ ಪ್ರಚಾರ ಮಾಡಬೇಕೆಂದಾಗ ಕ್ಯಾಸೆಟ್ಟಿಗೆ ದನಿ ಕೊಟ್ಟವನು ನಾನೇ. "ಸಕ್ರಿ ಕಾಯ್ಲಿ ವಾಸಿ ಆಗ್ತೈತಿ ಅಂತ ಹೇಳಬೇಕಲೇ, ಆದ್ರ ನೀನು ಹೇಳಿದಂಗ ಇರಬಾರದು" ಎಂದ. ಸರಿ, ಮೊದಲು ಬೆಂಗಳೂರಿನ ದೊಡ್ಡ ಡಾಕ್ಟರಾದೆ. ಆಮೇಲೆ ಉಚ್ಚಂಗಿದುರ್ಗದ ರೈತನಾದೆ. ಕೊನೆಗೆ, ಯಾರೂ ಹೇಳದಿದ್ದರೂ, ಅತ್ತೆಯಾದೆ: "ಎಂಟು ವರ್ಷದ ಕಾಯ್ಲಿ ನಂದು. ಮೂರು ತಿಂಗಳು ಮಾಲ್ಟ್ ಕುಡದೆ ನೋಡ್ರಿ, ಗುಳಿಗಿ ತಿಪ್ಪಿಗೆ ಒಗದೆ." ಸಂಭಾವನೆಯಾಗಿ ಎರಡು ಡಬ್ಬಿ ಮಾಲ್ಟ್ ಮನೆಗೆ ಬಂತು.

ಆಟೋ ನಮ್ಮ ಓಣಿಗೆ ಬಂದ ದಿನ ಅತ್ತೆ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ಎದುರುಮನೆ ನೀಲಮ್ಮ ಓಡಿಬಂದಳು. "ಏನವಾ ಗುರಮ್ಮ, ಗುಳಿಗಿ ಬಿಟ್ಟಿಯಂತ, ಮೈಕ್‌ನ್ಯಾಗ ಊರಿಗೆಲ್ಲ ಹೇಳಿ ನಮಗ ಹೇಳಲಿಲ್ಲ ನೋಡು." ನಾನು ಪೊರಕೆ ಏಟಿಗೆ ಬೆನ್ನು ಸಿದ್ಧ ಮಾಡಿಕೊಂಡೆ. ಅತ್ತೆ ನಕ್ಕಳು, ಅಷ್ಟೇ. ಆಮೇಲೆ, "ಲೇ ಮಂಜ್ಯಾ, ನನ್ನ ದನಿ ಅಷ್ಟು ಚಂದ ಐತೇನಲೇ?" ಎಂದಳು. ನಾನು ಪದಕ ಗೆದ್ದವನಂತೆ ಓಣಿಯಲ್ಲಿ ತಿರುಗಿದೆ. ಬೆಳಗಿನ ಬೈಗುಳ ನಿಂತದ್ದನ್ನು ಮಾತ್ರ ಗಮನಿಸಲಿಲ್ಲ.

ಕೆಲವು ತಿಂಗಳಲ್ಲಿ ಅತ್ತೆಯ ಕಾಲಿಗೆ ಹುಣ್ಣಾಯಿತು, ಅದು ಕಪ್ಪಾದ ಮೇಲೆ ದಾವಣಗೆರೆಯ ಆಸ್ಪತ್ರೆಗೆ ಒಯ್ದೆವು. ಎರಡು ಕಾಲ್ಬೆರಳು ತೆಗೆದರು. ಆಕೆ ಗುಳಿಗೆ ಬಿಟ್ಟದ್ದು ಅಲ್ಲಿನ ಡಾಕ್ಟರು ಹೇಳಿದಾಗಲೇ ನನಗೆ ತಿಳಿದದ್ದು; ಯಾಕೆ ಬಿಟ್ಟೆ ಎಂದು ಕೇಳಿದೆ. ಅತ್ತೆ ಗೋಡೆ ಕಡೆ ನೋಡುತ್ತಾ ಹೇಳಿದಳು: "ಬಂದೋರೆಲ್ಲ ಕೇಳೋರಲೇ, ಖರೇನ ಬಿಟ್ಟಿಯೇನು ಅಂತ. ನಮ್ಮ ಹುಡುಗ ಸುಳ್ಳ ಅನ್ನಲೇನು? ಖರೇ ಮಾಡೂಣಂತ ಬಿಟ್ಟೆ."

ಕೊಟ್ರೇಶಣ್ಣನ ಮೇಲೆ ಬಳ್ಳಾರಿಯ ಗ್ರಾಹಕರ ನ್ಯಾಯ ವೇದಿಕೆಗೆ ದೂರು ಬರೆದವನು ನಾನೇ. ಲ್ಯಾಬಿನ ಪರೀಕ್ಷೆಯಲ್ಲಿ ಮಾಲ್ಟಿನೊಳಗೆ ಬೆಲ್ಲ ಸಿಕ್ಕಿತು. ಜಾಹೀರಾತಿನ ಡಾಕ್ಟರನ್ನೂ ರೈತನನ್ನೂ ಆ ಮುದುಕಿಯನ್ನೂ ಹಾಜರುಪಡಿಸಿ ಎಂದು ವೇದಿಕೆಯವರು ಕೇಳಿದಾಗ ಕೊಟ್ರೇಶಣ್ಣ ನನ್ನ ಕಡೆ ಕೈ ತೋರಿಸಿದ. "ಮೂವರೂ ನಾನೇ ಸ್ವಾಮಿ" ಎಂದೆ. ನಂಬಲಿಲ್ಲ, ಮಾಡಿ ತೋರಿಸು ಎಂದರು. ಡಾಕ್ಟರನ್ನು ಮಾಡಿದೆ, ಕೂತವರು ನಕ್ಕರು. ರೈತನನ್ನು ಮಾಡಿದೆ, ಇನ್ನೂ ನಕ್ಕರು. ಮೂರನೆಯದಕ್ಕೆ ಬಾಯಿ ತೆರೆದೆ. ಎದುರಿನ ಬೆಂಚಿನ ಮೇಲೆ ಅತ್ತೆ, ಪಟ್ಟಿ ಸುತ್ತಿದ ಕಾಲು ಚಾಚಿ ಕೂತಿದ್ದಳು. ಗಂಟಲಿನಿಂದ ಏನೂ ಹೊರಡಲಿಲ್ಲ.

"ಬರದಿದ್ರ ಬಿಡಲೇ" ಎಂದಳು ಅತ್ತೆ. ಆಮೇಲೆ ತಾನೇ ಹೇಳಿದಳು, ಕ್ಯಾಸೆಟ್ಟಿನಲ್ಲಿ ಇದ್ದ ಹಾಗೇ, ಒಂದಕ್ಷರ ಬಿಡದೆ: "ಎಂಟು ವರ್ಷದ ಕಾಯ್ಲಿ ನಂದು..." ಆಗ ಯಾರೂ ನಗಲಿಲ್ಲ.

ಕೊಟ್ರೇಶಣ್ಣ ಪರಿಹಾರ ಕೊಡಬೇಕು, ಡಬ್ಬಿಯ ಮೇಲೆ ಅಚ್ಚು ಹಾಕಿಸಿದ್ದ ಸಕ್ಕರೆ ಕಾಯಿಲೆಯ ಮಾತು ಅಳಿಸಬೇಕು, ಅದೇ ಆಟೋ ಅದೇ ಊರುಗಳಲ್ಲಿ ತಿರುಗಿ 'ಹಿಂದೆ ಹೇಳಿದ್ದು ಸುಳ್ಳು' ಎಂದು ಸಾರಬೇಕು ಎಂದು ಆದೇಶವಾಯಿತು. ಈ ಸಲ ನನ್ನ ಸ್ವಂತ ದನಿಯಲ್ಲೇ ಓದಿದೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಸುತ್ತಿ ಆಟೋ ನಮ್ಮ ಓಣಿಗೂ ಬಂತು. ನೀಲಮ್ಮ ಕಿವಿಗೊಟ್ಟು ಕೇಳಿ, ಪಕ್ಕದ ಮನೆಯಾಕೆಗೆ "ಬ್ಯಾರೆ ಕಂಪನಿಯೋರು ಹೊಟ್ಟಿಕಿಚ್ಚಿಗೆ ಬಿಟ್ಟಾರ ಬಿಡವಾ. ಗುರಮ್ಮ ಸುಳ್ಳ ಹೇಳಾಕಿ ಅಲ್ಲ" ಎಂದಳು.

ಈಗ ಸುಳ್ಳೆಂದು ಸಾರುವ ಆ ಕೆಲಸವನ್ನೂ ಅತ್ತೆಯೇ ಮಾಡಬೇಕಾಗಿದೆ. ಕಟ್ಟೆಗೆ ಬಂದವರಿಗೆಲ್ಲ ಸೀರೆಯ ನಿರಿಗೆ ಸರಿಸಿ ಕಾಲು ತೋರಿಸುತ್ತಾಳೆ. ನಾನು ಪಕ್ಕದಲ್ಲಿ ತಲೆ ತಗ್ಗಿಸಿ, ಮಾತಿಲ್ಲದೆ ಕೂತಿರುತ್ತೇನೆ. ಬಂದವರು ಒಂದು ಗಳಿಗೆ ಕಾಲು ನೋಡಿ, ಆಮೇಲೆ ನನ್ನನ್ನು ನೋಡಿ ಮುಸಿಮುಸಿ ನಗುತ್ತಾರೆ.

"ಈಗ ಯಾರನ್ನ ಮಾಡಾಕತ್ತೀಯಲೇ ಮಂಜ್ಯಾ, ಗುರುತ ಹತ್ತವಲ್ದು?"