ಅಂಬಲಿ ಏರ್ಯದ

ಗೋಡೆಯಾಚೆಗೆ ಕೂಗಿ ಮಾತಾಡುವ ಹೆಂಗಸಿಗೆ ಗುಟ್ಟು ಅನ್ನುವುದೇ ಉಳಿಯುವುದಿಲ್ಲ ಎಂದು ನಮ್ಮವರು ಮದುವೆಯಾದಾಗಿನಿಂದ ಹೇಳುತ್ತಿದ್ದಾರೆ. ಅದನ್ನೂ ಅವರು ಕೂಗಿಯೇ ಹೇಳುತ್ತಾರೆ. ಜೇವರ್ಗಿಯ ಬಿಸಿಲಿಗೆ ನಾನು ಹಿಂದಿನ ದಿನವೇ ಜೋಳದ ಹಿಟ್ಟು ಕಲಸಿ ಗಡಿಗೆಯಲ್ಲಿ ಹುಳಿಗಿಡುತ್ತೇನೆ. ಬೆಳಿಗ್ಗೆ ಅಂಬಲಿ ಕಾಸಿ, ಆರಿಸಿ, ಮಜ್ಜಿಗೆ, ಉಪ್ಪು, ಜಜ್ಜಿದ ಬೆಳ್ಳುಳ್ಳಿ ಹಾಕುತ್ತೇನೆ. ಪಕ್ಕದ ಮನೆಯ ಮಹಬೂಬಿಗೆ ಒಂದು ತಂಬಿಗೆ ಹೋಗಲೇಬೇಕು. ಇಪ್ಪತ್ತು ಬೇಸಿಗೆಯ ರೂಢಿ.

ಈ ಸಲ ಅವಳ ಅತ್ತೆ ಆಳಂದದಿಂದ ಬಂದು ಕೂತದ್ದು ನನಗೇನು ಗೊತ್ತು? ಎಂದಿನಂತೆ ಕೂಗಿದೆ: "ಮಹಬೂಬೀ, ಇವತ್ತ ಭಾರಿ ಏರ್ಯದ, ಲಗೂ ಬಾಬೇ!"

ಹುಳಿ ಏರುವುದಕ್ಕೂ ನಶೆ ಏರುವುದಕ್ಕೂ ನಮ್ಮ ಕಡೆ ಒಂದೇ ಮಾತು. ಗೋಡೆಯ ಮೇಲೆ ಅತ್ತೆಯ ಮುಖ ಮೂಡಿತು.

"ಏನ್ ಏರ್ಯದಬೇ, ಹೊತ್ತು ಏರೂಕಿಂತ ಮೊದಲೇ?"

"ಅಂಬಲಿರೀ ಅಮ್ಮಾ. ಹುಳಿ ಅಷ್ಟೇ. ಇಪ್ಪತ್ತು ವರ್ಷದಿಂದ ಕೊಡಾಕತ್ತೇನಿ."

"ಹುಳಿ ಬರ್ತದ, ಬುರುಗು ಬರ್ತದ. ಸೇಂದಿನೂ ಹಂಗೇ ಬರ್ತದ! ಇದು ಹರಾಮ್ ಇದ್ರ ನನ್ನ ಸೊಸಿ ಇಪ್ಪತ್ತು ವರ್ಷದ್ದು ಜವಾಬು ಎಲ್ಲಿಂದ ಕೊಡ್ತಾಳ?"

ಹಿಂದೆ ನಿಂತಿದ್ದ ಮಹಬೂಬಿ ಖಾಲಿ ತಂಬಿಗೆಯನ್ನು ಸೆರಗಿನಡಿ ಮುಚ್ಚಿಕೊಂಡಳು. ಅಂಬಲಿ ನಿಂತರೆ ದಿನಾ ಬೆಳಿಗ್ಗೆ ಇಬ್ಬರೂ ಗೋಡೆಗೆ ಆತು ನಿಲ್ಲುವ ನೆವವೇ ಹೋಯಿತಲ್ಲ!

ಅತ್ತೆ ಮೌಲಾನಾ ಅವರಿಗೆ ಫೋನ್ ಹಚ್ಚಿದರು. ಯಾವ ಹಿಟ್ಟು, ಎಷ್ಟು ಹೊತ್ತಿನ ಹುಳಿ ಎಂದೆಲ್ಲ ಕೇಳಿಕೊಂಡು ಅವರು ಹೇಳಿದರು: "ಬಾಳ ಕುಡಿದ್ರ ನಶಾ ಬರೂವಂಥದ್ದಿದ್ರ ಒಂದು ಗುಟುಕೂ ಬ್ಯಾಡ. ಎಷ್ಟು ಕುಡಿದ್ರೂ ಬರೂದಿಲ್ಲಂದ್ರ ಬರೀ ಹುಳಿಗೇನೂ ಹರಕತ್ ಇಲ್ಲ."

"ಹಂಗಾದ್ರ ನೀನೇ ಕುಡಿದು ತೋರಸಬೇ," ಎಂದರು ಅತ್ತೆ.

ಅವರ ಪಡಸಾಲೆಯಲ್ಲಿ ಕೂತು ಎರಡು ತಂಬಿಗೆ ಕುಡಿದೆ. ಅಡ್ಡಾಡು ಎಂದರು, ಫರಸಿ ಕಲ್ಲಿನ ಗೆರೆ ಹಿಡಿದು ಅಡ್ಡಾಡಿದೆ. ವಾರ ಯಾವುದೆಂದರು, ಹೇಳಿದೆ. "ಖರೇ ಅದ. ಏನೂ ಏರಿಲ್ಲ," ಎಂದು ಅತ್ತೆ ಒಪ್ಪಿದರು. ಅಲ್ಲಿಗೆ ನಾನು ಎದ್ದು ಬರಬೇಕಿತ್ತು. ಗೆದ್ದ ಹುರುಪಿನಲ್ಲಿ ಬಾಯಿ ನಿಲ್ಲಲಿಲ್ಲ.

"ನಾ ಯಾರ ಮನಸಿಗೂ ನೋವು ಮಾಡೂಕಿ ಅಲ್ರೀ ಅಮ್ಮಾ. ನೀವು ವರ್ಷಾ ಕಳಸೂ ಉಪ್ಪಿನಕಾಯಿ ಬಾಯಾಗ ಇಡಾಕ ಬರೂದಿಲ್ಲ. ಒಂದಿನಾ ಅಂದೇನೇನು? ಸುಮ್ನ ಗೊಬ್ಬೂರದ ತಂಗಿಗೆ ಕೊಟ್ಟು ಕಳಸ್ತೇನಿ!"

"ಅಕ್ಕಾ..." ಎಂದಳು ಮಹಬೂಬಿ, ಸಣ್ಣಗೆ.

ಅತ್ತೆ ಫೋನ್ ಎತ್ತಿ ಸೊಸೆಯ ಕೈಗಿಟ್ಟರು. "ಮೌಲಾನಾ ಸಾಹೇಬ್ರಿಗೆ ಮತ್ತ ಹಚ್ಚಬೇ. ಎರಡನೇ ತಂಬಿಗಿಗೆ ಏರ್ತದ ಅಂತ ಹೇಳು."

ಮಹಬೂಬಿಗೆ ನಗು ತಡೆಯಲಾಗಲಿಲ್ಲ, ಆಮೇಲೆ ಅತ್ತೆಗೂ. ಅಂಬಲಿ ಈಗಲೂ ದಿನಾ ಗೋಡೆ ದಾಟುತ್ತದೆ, ಅತ್ತೆಯೂ ಅರ್ಧ ಲೋಟ ಕುಡಿಯುತ್ತಾರೆ. ಆ ಮನೆಯಲ್ಲಿ ಅದು ಹರಾಮ್ ಆಗಿರುವುದು ನನಗೊಬ್ಬಳಿಗೇ. ನಾನು ಹೋದರೆ ಚಹಾ ಮಾತ್ರ ಕೊಡುತ್ತಾರೆ. ಅದೂ ಅರ್ಧ ಕಪ್ಪು.